ಮೊಳಕೆ ರಾಗಿ ಹಿಟ್ಟು: ಬ್ಯಾಚ್ 6 ಕೆಜಿಯಿಂದ 20ಕ್ಕೆ, ಗಂಟಿನೊಳಗೆ ಜ್ವರ

ನಾಲ್ಕನೇ ಪ್ರಯತ್ನಕ್ಕೆ 20 ಕೆಜಿ ಬ್ಯಾಚ್ ಸರಿಯಾಗಿ ಬಂತು. ಮೊದಲ ಮೂರೂ ಹುಳಿ. ನೆನೆಸೋದು, ಹುರಿಯೋದು, ಬೀಸೋದು ಎಲ್ಲರಿಗೂ ಗೊತ್ತಿರೋದೇ, ಅದನ್ನು ಬಿಟ್ಟು ನೇರವಾಗಿ ಗಂಟಿಗೆ, ಅಂದರೆ ನೆನೆದ ರಾಗಿಯನ್ನು ಮೊಳಕೆಗೆ ಅಂತ ಬಟ್ಟೆಯಲ್ಲಿ ಕಟ್ಟಿಡೋದಕ್ಕೆ ಬರೋಣ.

20 ಕೆಜಿ ಅನ್ನೋ ಲೆಕ್ಕ ಬಂದದ್ದು ಮೊಳಕೆ ಒಣಗಿಸೋ ಡ್ರೈಯರ್‌ನಿಂದ. ಆರಿಸಿ, ತೊಳೆದು ಉಳಿಯೋ 19 ಕೆಜಿ ರಾಗಿ ನೀರು ಕುಡಿದು ಸುಮಾರು 27 ಕೆಜಿ ಆಗುತ್ತೆ. 12 ಟ್ರೇಗೆ ಹಂಚಿದರೆ ಟ್ರೇಗೆ 2 ಕೆಜಿ ಮೇಲೆ ಚೂರು, ಬೆರಳಿನ ಅಗಲಕ್ಕಿಂತ ತೆಳ್ಳಗಿನ ಪದರ. ಇದಕ್ಕಿಂತ ದಪ್ಪ ಹರಡಿದರೆ ಮೇಲೆ ಗರಿಗರಿ, ಕೆಳಗೆ ಹಸಿ. ಹಾಗಾಗಿ ಡ್ರೈಯರ್ ತುಂಬುವಷ್ಟೇ ಬ್ಯಾಚ್ ಅಂತ ಹಿಡಿದದ್ದು. ಆದರೆ ರಾಗಿ ಡ್ರೈಯರ್‌ವರೆಗೆ ಚೆನ್ನಾಗಿ ಬರಬೇಕಲ್ಲ.

6 ಕೆಜಿಗೆ ಒಂದು ಪಂಚೆ ಸಾಕಿತ್ತು. 20 ಕೆಜಿಗೆ ದೊಡ್ಡ ಪಂಚೆ, ಎರಡು ಗಂಟು. 14 ಗಂಟೆ ಕಳೆದ ಮೇಲೆ ಕೈ ಹಾಕಿದರೆ ಹೊರಗೆ ತಣ್ಣಗೆ, ಮೊಣಕೈವರೆಗೆ ತೂರಿಸಿದರೆ ನಡುವೆ ಜ್ವರ ಬಂದ ಮೈಯ ಹಾಗೆ ಬಿಸಿ. ಮೊಳಕೆ ಒಡೆಯೋ ಕಾಳು ಉಸಿರಾಡುತ್ತೆ, ಉಸಿರಾಡಿದರೆ ಬಿಸಿ ಹುಟ್ಟುತ್ತೆ. ಹೆಸರುಕಾಳಿನ ಗಂಟಾದರೆ ಕಾಳುಗಳ ನಡುವೆ ಗಾಳಿ ಓಡಾಡೋಕೆ ಜಾಗ ಇರುತ್ತೆ. ರಾಗಿ ಸಾಸಿವೆಯಷ್ಟು ಸಣ್ಣದು, ಒದ್ದೆಯಾದರೆ ಕಲ್ಲಿನ ಹಾಗೆ ಒತ್ತಿಕೊಂಡು ಕೂರುತ್ತೆ. ನಡುವಿನ ಕಾಳಿಗೆ ಗಾಳಿಯೂ ಇಲ್ಲ, ಬಿಸಿ ಹೊರಗೆ ಹೋಗೋಕೆ ದಾರಿಯೂ ಇಲ್ಲ. ಹುಳಿ ಹುಟ್ಟೋದು ಅಲ್ಲೇ. ಬಿಚ್ಚಿದಾಗ ಅಂಚಿನ ಕಾಳಿಗೆ ಬೆಳ್ಳಗೆ ಮೊಳಕೆ, ನಡುವೆ ಮೊಳಕೆಯೇ ಇಲ್ಲದ ಜಿಗುಟು ಮುದ್ದೆ. ಆ ವಾಸನೆ ಎಷ್ಟು ಒಣಗಿಸಿದರೂ, ಎಷ್ಟು ಹುರಿದರೂ ಹೋಗಲ್ಲ. ಅಂಥ ಬ್ಯಾಚನ್ನು ಒಳ್ಳೆ ಹಿಟ್ಟಿಗೆ ಬೆರೆಸಿ ದಾಟಿಸೋ ಯೋಚನೆಯೇ ಬೇಡ, ಎರಡೂ ಹಾಳು.

ಎರಡನೇ ಸಲ ನೀರು ಜಾಸ್ತಿ ಚಿಮುಕಿಸಿದ್ದು ಇನ್ನೂ ಕೆಟ್ಟದಾಯ್ತು, ಇದ್ದ ಗಾಳಿಯ ಜಾಗಕ್ಕೂ ನೀರು ತುಂಬಿಕೊಂಡಿತು. ಮೂರನೇ ಸಲ ಗಂಟು ಚಿಕ್ಕದು ಮಾಡಿದರೂ ಗೋಣಿಚೀಲದೊಳಗೆ ಒಂದರ ಮೇಲೊಂದು ಪೇರಿಸಿಟ್ಟದ್ದರಿಂದ ಎಲ್ಲ ಸೇರಿ ಮತ್ತೆ ಒಂದೇ ದೊಡ್ಡ ಗಂಟಾಯ್ತು.

ಈಗ ನಡೀತಿರೋ ಕ್ರಮ ಹೀಗೆ. 12 ಗಂಟೆ ನೆನೆಸುವಾಗ ನಡುವೆ ಎರಡು ಸಲ ನೀರು ಬದಲು. ಬಸಿಯೋ ಬುಟ್ಟಿಯಲ್ಲಿ ಒಂದು ಗಂಟೆ ಬಿಡಬೇಕು, ಕೆಳಗೆ ಹನಿ ಬೀಳೋದು ನಿಂತ ಮೇಲೇ ಬಟ್ಟೆಗೆ. ಗಂಟಿಗೆ 3 ಕೆಜಿ ಒದ್ದೆ ರಾಗಿ, ಅಂದರೆ 9 ಗಂಟು. ಬಿಗಿಯಾಗಿ ಕಟ್ಟಬಾರದು, ಮಡಿಚಿ ಇಟ್ಟರೆ ಸಾಕು. ಬಿದಿರಿನ ತಟ್ಟೆಯ ಮೇಲೆ ಒಂದೇ ಸಾಲು, ತಟ್ಟೆ ಕೆಳಗೆ ಇಟ್ಟಿಗೆ. 6 ಗಂಟೆಗೊಮ್ಮೆ ಬಿಚ್ಚಿ, ಅಂಗೈಯಿಂದ ಕೆದಕಿ, ನಡುವಿನದು ಅಂಚಿಗೆ ಬರೋ ಹಾಗೆ ಮಗುಚಿ, ಒಣಗಿದ್ದರೆ ಮಾತ್ರ ನೀರು ಚಿಮುಕಿಸಬೇಕು. ಬೇಸಿಗೆಯಲ್ಲಿ 24 ಗಂಟೆಗೆ ಮೊಳಕೆ ಸಾಕಷ್ಟು ಬರುತ್ತೆ, ಚಳಿಗಾಲದಲ್ಲಿ ಒಂದೂವರೆ ದಿನ. ಕಾಳಿನ ಒಂದೂವರೆಯಷ್ಟು ಉದ್ದ ಬಂದಾಗ ನಿಲ್ಲಿಸಿ. ಗಡ್ಡ ಬಿಟ್ಟ ರಾಗಿ ನೋಡೋಕೆ ಚೆಂದ, ತೂಕಕ್ಕೆ ನಷ್ಟ. ಉದ್ದ ಬೆಳೆದ ಬೇರೆಲ್ಲ ಉಜ್ಜಿ ಮೊರದಲ್ಲಿ ಕೇರುವಾಗ ಹಾರಿಹೋಗೋದೇ.

ಗಂಟಿಗೆ ದೂರೋ ಮೊದಲು ರಾಗಿಯನ್ನೂ ನೋಡಬೇಕು. ಮೊಳಕೆಗೆ ಅಂತ ಹೇಳಿಯೇ ತರಿಸಿದ ಮೂಟೆಯಲ್ಲಿ ಹಳೇ ರಾಗಿ, ಹೊಸ ರಾಗಿ ಕಲಸಿ ಕಳಿಸಿದ ವ್ಯಾಪಾರಿಯ ಮೇಲೆ ಇನ್ನೂ ಸಿಟ್ಟು ಇಳಿದಿಲ್ಲ. ಮುದ್ದೆಗೆ ಅದು ಗೊತ್ತೇ ಆಗಲ್ಲ, ಮೊಳಕೆಗೆ ಗೊತ್ತಾಗುತ್ತೆ: ಮೊಳೆಯದ ಕಾಳು ನೀರು ಕುಡಿದು ಕೊಳೆಯುತ್ತೆ, ಪಕ್ಕದ ಕಾಳಿಗೂ ಹಬ್ಬಿಸುತ್ತೆ. ಮೂಟೆ ಇಳಿಸಿಕೊಳ್ಳೋ ಮೊದಲು 100 ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಎರಡು ದಿನ ಇಡಿ. 90ಕ್ಕಿಂತ ಕಡಿಮೆ ಮೊಳೆತರೆ ಮೂಟೆ ವಾಪಸ್. ಜಿಪಿಯು 28 ಆಗಲಿ, ಎಂಎಲ್ 365 ಆಗಲಿ, ಒಂದೇ ತಳಿ, ಒಂದೇ ಸುಗ್ಗಿಯದು ಇದ್ದರೆ ಮೊಳಕೆ ಒಟ್ಟಿಗೆ ಬರುತ್ತೆ. ಬಿತ್ತನೆಗೆ ಅಂತ ಔಷಧಿ ಬೆರೆಸಿದ ರಾಗಿ ಚೆನ್ನಾಗಿ ಮೊಳೆಯುತ್ತೆ ಅಂತ ಅದಕ್ಕೆ ಕೈ ಹಾಕಬೇಡಿ, ಅದು ವಿಷ.

ಮೊಳಕೆ ನಿಜವಾಗಿ ಕೆಲಸ ಮಾಡಿದೆಯಾ ಅಂತ ನೋಡೋಕೆ ಗಂಜಿ ಪರೀಕ್ಷೆ. ಸಾದಾ ರಾಗಿ ಹಿಟ್ಟಿನ ಗಂಜಿಯನ್ನು ಸೌಟು ನಿಲ್ಲುವಷ್ಟು ಗಟ್ಟಿ ಕಾಯಿಸಿ, ಇಳಿಸಿ, ಬೆರಳಿಗೆ ಸುಡುವಷ್ಟು ಬಿಸಿಗೆ ಬಂದಾಗ ಒಂದು ಚಮಚ ಮೊಳಕೆ ಹಿಟ್ಟು ಕದಡಿ. ಹತ್ತು ನಿಮಿಷದಲ್ಲಿ ಗಂಜಿ ಕರಗಿ ಸೌಟಿನಿಂದ ಧಾರೆಯಾಗಿ ಇಳಿಯಬೇಕು. ಇಳಿಯದಿದ್ದರೆ ಮೊಳಕೆ ಸಾಲದು, ಇಲ್ಲವೇ ಡ್ರೈಯರ್ ಅಥವಾ ಬಾಣಲೆಯ ಕಾವು ಹೆಚ್ಚಾಗಿದೆ. ಪಿಷ್ಟ ಒಡೆಯೋ ಕಿಣ್ವ ಜೋರು ಕಾವಿಗೆ ಸಾಯುತ್ತೆ. ಡ್ರೈಯರ್ 50 ಡಿಗ್ರಿಗೆ ಇಟ್ಟು 8 ಗಂಟೆ, ಆಮೇಲೆ ಘಮ ಬರುವಷ್ಟು ಮಾತ್ರ ಸಣ್ಣ ಉರಿಯಲ್ಲಿ ಹುರಿದರೆ ಸಾಕು. ಪರೀಕ್ಷೆ ಮಾಡಿದ ಗಂಜಿ ಕುಡಿಯೋದಾದರೆ ಮತ್ತೊಮ್ಮೆ ಕುದಿಸಿಯೇ ಕುಡಿಯಿರಿ.

ಆ ಗಂಟು ಬಿಡಿಸಿದ್ದಾಯ್ತು. ಇನ್ನೊಂದು ಗಂಟು ಲೆಕ್ಕದ ಪುಸ್ತಕದಲ್ಲಿ.

20 ಕೆಜಿ ರಾಗಿಗೆ ಕೈಗೆ ಸಿಗೋ ಹಿಟ್ಟು 16 ಕೆಜಿ, ಅರ್ಧ ಕೆಜಿಯ 32 ಪೌಚ್. ರಾಗಿ ಕೆಜಿಗೆ 45ರಂತೆ 900, ಮಿಲ್ಲಿಗೆ 170, ಕರೆಂಟು ಮತ್ತು ಗ್ಯಾಸು 170, ಪೌಚ್ 192, ಸ್ಟಿಕ್ಕರ್ 64, ಸಾಗಾಟ 150. ಒಟ್ಟು 1,646, ಪೌಚಿಗೆ 51 ಚಿಲ್ಲರೆ. ಎಂಆರ್‌ಪಿ 110, ಅಂಗಡಿಗೆ 20 ಪರ್ಸೆಂಟ್ ಬಿಟ್ಟರೆ ಕೈಗೆ 88. ಪೌಚಿಗೆ 37 ರೂಪಾಯಿ ಲಾಭ ಅಂತ ಕಾಣುತ್ತೆ. ಇದನ್ನು ನಂಬಿ ಬ್ಯಾಚ್ ಹೆಚ್ಚಿಸಿದವರೇ ಜಾಸ್ತಿ, ಯಾಕೆಂದರೆ ಇದರಲ್ಲಿ ಕೂಲಿಯೇ ಇಲ್ಲ.

ಗಡಿಯಾರ ಇಟ್ಟು ಬರೆದಾಗ ಒಂದು ಬ್ಯಾಚಿಗೆ 14 ಗಂಟೆ. ಪ್ಯಾಕಿಂಗ್ ಎರಡೂವರೆ ಗಂಟೆ ತಿನ್ನುತ್ತೆ, ಬೇರು ಉಜ್ಜಿ ಕೇರೋದು ಎರಡು, ಹುರಿಯೋದು ಎರಡು. ಗಂಟೆಗೆ 60 ರೂಪಾಯಿಯಂತೆ 840. ಅದನ್ನು ಸೇರಿಸಿದರೆ ಪೌಚಿನ ಅಸಲು 78, ಉಳಿಯೋದು 10. ಹರಿದದ್ದು, ವಾಪಸ್ ಬಂದದ್ದು ಕಳೆದರೆ 7. ಮನೆಯವರೇ ದುಡಿಯುವವರೆಗೆ ಇದು ಮುಚ್ಚಿಹೋಗಿರುತ್ತೆ. ವಾರಕ್ಕೆ ಎರಡು ಬ್ಯಾಚ್ ಅಂದರೆ 28 ಗಂಟೆ, ಮೂರು ಅಂದರೆ 42. ಮೂರನೆಯದಕ್ಕೆ ಆಳು ಬೇಕೇ ಬೇಕು, ಆಳು ಬಂದ ದಿನವೇ ಲಾಭ ಮಾಯ. ಬೆಲೆ 130ಕ್ಕೆ ಏರಿಸಿದರೆ ಅಂಗಡಿಯ ಪಾಲು ಹೋಗಿ 104, ಉಳಿಕೆ 26. ಅಲ್ಲಿಗೆ ಮಾತ್ರ ಒಬ್ಬರಿಗೆ ಕೂಲಿ ಕೊಟ್ಟು ಬೆಳೆಯೋಕೆ ಜಾಗ ಸಿಗುತ್ತೆ. ಗಿರಾಕಿ 130 ಕೊಡಲ್ಲ ಅಂದರೆ ಒಂದು ಕೆಜಿ ಪೌಚ್ ಮಾಡಿ ಪ್ಯಾಕಿಂಗ್ ಸಮಯ ಅರ್ಧಕ್ಕೆ ಇಳಿಸೋದು ಇನ್ನೊಂದು ದಾರಿ. ಎರಡರಲ್ಲಿ ಒಂದನ್ನಾದರೂ ಮಾಡದೆ ಮೂರನೇ ಬ್ಯಾಚ್ ಬೇಡ.

ಉದ್ರಿಯ ಲೆಕ್ಕ ಇನ್ನೂ ಕಠಿಣ. ವಾರಕ್ಕೆ 64 ಪೌಚ್ ಹೋಗಿ, ಅಂಗಡಿಯವರು ಆರು ವಾರಕ್ಕೆ ದುಡ್ಡು ಕೊಟ್ಟರೆ ಯಾವಾಗಲೂ 384 ಪೌಚಿನ ದುಡ್ಡು ಹೊರಗೆ, 88ರಂತೆ 33,792 ರೂಪಾಯಿ. ವ್ಯಾಪಾರ ಇಮ್ಮಡಿಯಾದರೆ ಅದೂ ಇಮ್ಮಡಿ. ಮಾರಾಟ ಜೋರಾಗಿದ್ದೂ ರಾಗಿ ತರೋಕೆ ದುಡ್ಡಿಲ್ಲ ಅನ್ನೋ ಸ್ಥಿತಿ ಬರೋದು ಹೀಗೆ. ಹಳೇದು ಚುಕ್ತಾ ಆದ ಮೇಲೇ ಹೊಸದು ಇಳಿಸೋದು ಸಣ್ಣ ಅಂಗಡಿಗಳಲ್ಲಿ ನಡೆಯುತ್ತೆ. ದೊಡ್ಡವರ ಜೊತೆಗಾದರೆ ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡೋ ಉದ್ಯಮ್ ನೋಂದಣಿ ಮೊದಲೇ ಮಾಡಿಸಿ ಬಿಲ್ಲಿನ ಮೇಲೆ ನಂಬರ್ ಹಾಕಿ. ಅದು ಉಚಿತ, ಏಜೆಂಟರಿಗೆ ದುಡ್ಡು ಕೊಡಬೇಡಿ. ಸಣ್ಣ ಉದ್ಯಮಗಳಿಗಿರೋ 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಕರಾರು ಏನೇ ಇದ್ದರೂ 45 ದಿನದೊಳಗೆ ಹಣ ಬರಬೇಕು.

ಡ್ರೈಯರ್ ಕೊಳ್ಳೋಕೆ ಸಣ್ಣ ಆಹಾರ ಘಟಕಗಳಿಗಿರೋ ಕೇಂದ್ರದ ಯೋಜನೆ ಪಿಎಂಎಫ್‌ಎಂಇ ನೋಡುವವರಿಗೆ ಒಂದು ಮಾತು. 35 ಪರ್ಸೆಂಟ್ ಸಬ್ಸಿಡಿ ಅಂದರೆ ಅಷ್ಟು ಹಣ ಮೊದಲ ದಿನವೇ ಕೈಗೆ ಬರುತ್ತೆ ಅಂತಲ್ಲ. ಅದು ಬ್ಯಾಂಕ್ ಸಾಲದ ಜೊತೆಗೆ ಬರೋದು, ಕೊನೇ ಕಂತಿನ ಸಾಲ ಬಿಡುಗಡೆಯಾಗಿ ಮೂರು ವರ್ಷದವರೆಗೆ ಖಾತೆಯಲ್ಲೇ ಇರುತ್ತೆ, ಕಂತು ಸರಿಯಾಗಿ ಕಟ್ಟಿದ್ದರೆ ಆಮೇಲೆ ಸಾಲಕ್ಕೆ ಹೊಂದಿಕೆ. ಹಾಗಾಗಿ ತಿಂಗಳ ಕಂತನ್ನು ವಾರಕ್ಕೆ ಎರಡೇ ಬ್ಯಾಚಿನ ಉಳಿಕೆ ಹೊರುತ್ತಾ ಅಂತ ಮೊದಲು ನೋಡಿ.

ಪೌಚಿನವರ ವಿಷಯ: ಪ್ರಿಂಟ್ ಮಾಡಿದ್ದು ಬೇಕಾದರೆ 5,000ಕ್ಕೆ ಕಡಿಮೆ ಇಲ್ಲ ಅಂತ ಹಠ. ಬೆಲೆ 110ರಿಂದ 130 ಆದ ದಿನ ಆ ರಾಶಿಯೆಲ್ಲ ಕಸ. ಹಾಗಾಗಿ ಪ್ರಿಂಟ್ ಇಲ್ಲದ ಪೌಚ್, ಮೇಲೆ ಸ್ಟಿಕ್ಕರ್. ತೂಕ, ಎಂಆರ್‌ಪಿ, ತಯಾರಿಸಿದ ದಿನಾಂಕ, ಬ್ಯಾಚ್ ನಂಬರ್, ಆಹಾರ ಪರವಾನಗಿಯ ಎಫ್‌ಎಸ್‌ಎಸ್‌ಎಐ ನಂಬರ್, ಹಸಿರು ಚುಕ್ಕಿ ಎಲ್ಲ ಅದರಲ್ಲೇ. ಮಿಲ್ಲಿನಿಂದ ಬಂದ ಬಿಸಿ ಹಿಟ್ಟನ್ನು ಹಾಗೇ ತುಂಬಬೇಡಿ, ಪೌಚ್ ಒಳಗೇ ಬೆವರಿ ಉಂಡೆ ಕಟ್ಟುತ್ತೆ. ಸ್ಟೀಲ್ ತಟ್ಟೆಯಲ್ಲಿ ತೆಳ್ಳಗೆ ಹರಡಿ ಆರಿದ ಕೂಡಲೇ ಡಬ್ಬಿಗೆ. ಮಳೆಗಾಲದಲ್ಲಿ ರಾತ್ರಿಯೆಲ್ಲ ಬಿಟ್ಟರೆ ಅದೇ ಹಿಟ್ಟು ಗಾಳಿಯ ತೇವ ಎಳೆದುಕೊಳ್ಳುತ್ತೆ. ಪ್ರತಿ ಬ್ಯಾಚಿಂದ ನಾಲ್ಕು ಪೌಚ್ ಎತ್ತಿಟ್ಟು 15, 30, 60, 90ನೇ ದಿನ ಒಂದೊಂದು ಒಡೆದು ಮೂಸಿ, ಗಂಜಿ ಮಾಡಿ ರುಚಿ ನೋಡಿ ಬರೆದಿಡಬೇಕು.

ಮುಂದಿನ ಬ್ಯಾಚನ್ನು ಇದುವರೆಗೆ ಕೈ ಹಾಕದವರೊಬ್ಬರು, ಗೋಡೆಗೆ ಅಂಟಿಸಿದ ಒಂದು ಹಾಳೆ ಓದಿಕೊಂಡೇ ಮಾಡಬೇಕು. ಗಂಟು ಮಗುಚೋ ಹೊತ್ತು, ನಿಲ್ಲಿಸೋ ಗುರುತು, ಗಂಜಿ ಪರೀಕ್ಷೆ, ಅಷ್ಟೇ ಹಾಳೆಯಲ್ಲಿ. ಗಂಜಿ ಅದೇ ಧಾರೆಯಲ್ಲಿ ಇಳಿದರೆ ವಾರದ ಮೂರನೇ ಬ್ಯಾಚಿಗೆ ದಿನ ಗೊತ್ತು ಮಾಡೋದು.

ಅದರ ನಡುವೆ ಹುರಿಹಿಟ್ಟು ತಲೆಯಲ್ಲಿ ಕೂತಿದೆ. ನೀರು ಚಿಮುಕಿಸಿ ರಾತ್ರಿ ಮುಚ್ಚಿಟ್ಟ ರಾಗಿಯನ್ನು ಕಾದ ಮರಳಲ್ಲಿ ಅರಳು ಹುರಿದು ಬೀಸೋದು. ಮೊಳಕೆ ಇಲ್ಲ, ಡ್ರೈಯರ್ ಇಲ್ಲ, ಡ್ರೈಯರ್ ಬೇರೆ ಬ್ಯಾಚಲ್ಲಿ ಇರುವಾಗಲೇ ಒಲೆ ಮೇಲೆ ಆಗೋ ಕೆಲಸ. ತೊಡಕು ಮರಳಿನದು, ಒಂದು ಕಣ ಹಿಟ್ಟಿಗೆ ಬಂದರೂ ಹಲ್ಲಿಗೆ ಸಿಗುತ್ತೆ. ಜರಡಿಯ ಕಣ್ಣು ಎಷ್ಟಿರಬೇಕು ಅಂತ ಮೊದಲು 2 ಕೆಜಿಯಲ್ಲಿ ಮಾಡಿ ನೋಡಬೇಕು.