ಸಾರಿನ ಬಕೆಟು

ಕಳೆದ ಮಳೆಗಾಲದ ಆಟಿ ತಿಂಗಳಲ್ಲಿ ನಮ್ಮ ಕನ್ನಡ ಮಾಷ್ಟ್ರು ತೀರಿಹೋದರು. ಗ್ರೂಪಿನಲ್ಲಿ ಕೈಮುಗಿದ ಚಿತ್ರಗಳು ರಾಶಿ ಬಿದ್ದವು. ನನಗೆ ನೆನಪಾದದ್ದು ಸಾರಿನ ಬಕೆಟು.

ಆಗ ನಾನು ಮಹಾ ನಾಚಿಕೆಯವನು. ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ. ಮೂರರಲ್ಲೂ ಬಾಯಿ ಬಿಡುತ್ತಿರಲಿಲ್ಲ. ಅಂಗಿಯ ತೇಪೆಯನ್ನು ಇಡೀ ಕಾಸರಗೋಡೇ ನೋಡುತ್ತಿದೆ ಅಂತ ಭ್ರಮೆ. ಎಂಟನೇ ಕ್ಲಾಸಿನಲ್ಲಿ ಮಾಷ್ಟ್ರು ಭಾಷಣ ಸ್ಪರ್ಧೆಗೆ ನನ್ನ ಹೆಸರು ಬರೆದುಬಿಟ್ಟರು. ಬೆಲ್ಲೇ ಹೊಡೆಯದಿದ್ದರೆ ಸ್ಪರ್ಧೆ ಹೇಗೆ ಶುರುವಾಗುತ್ತದೆ ಅಂತ ನನ್ನ ಲೆಕ್ಕ. ಬೆಲ್ಲು ಅಂದರೆ ತೂಗುಹಾಕಿದ ರೈಲು ಹಳಿಯ ತುಂಡು. ಅದನ್ನು ಬಡಿಯುವ ಕಂಬಿಯನ್ನು ಬೆಳಿಗ್ಗೆಯೇ ಬಾವಿಗೆ ಹಾಕಿದೆ. ಪ್ಯೂನಣ್ಣ ಕಲ್ಲಿನಿಂದ ಬಡಿದರು! "ಮಾನ್ಯ ಅಧ್ಯಕ್ಷರೇ" ಅಂದವನು ನಾನು ಅಲ್ಲಿಗೇ ನಿಂತೆ. ಕೆಳಗಿಳಿದಾಗ ಮಾಷ್ಟ್ರು ಮೆಲ್ಲಗೆ ಕೇಳಿದರು, "ಕಂಬಿ ಬಾವಿಗೆ ಬಿತ್ತು, ಸರಿ. ಭಾಷಣ ಎಲ್ಲಿ ಬಿತ್ತು ಮಾರಾಯ?" ಬೇರೆ ಯಾರಿಗೂ ಹೇಳಲಿಲ್ಲ.

1992ರ ಏಪ್ರಿಲ್ ರಜೆಯಲ್ಲಿ ಮಧೂರು ದೇವಸ್ಥಾನದಲ್ಲಿ ಮೂಡಪ್ಪ ಸೇವೆ. ನಾವು ಬೊಡ್ಡಜ್ಜ ಅಂತ ಕರೆಯುವ ಅಲ್ಲಿನ ಗಣಪತಿಯನ್ನು ಅಪ್ಪದಲ್ಲೇ ಮುಚ್ಚುವ ಸೇವೆ ಅದು. ಊರಿಗೆ ಊರೇ ಸೇರಿತ್ತು. ಕಂಬದ ಮರೆಯಲ್ಲಿ ನಿಂತಿದ್ದ ನನ್ನ ಕೈಗೆ ಮಾಷ್ಟ್ರು ಬಕೆಟು ಕೊಟ್ಟರು.

"ಎಲ್ಲರೂ ನೋಡ್ತಾರೆ" ಅಂದೆ.

"ನಿನ್ನನ್ನು ನೋಡಿಕೊಳ್ಳಲಿಕ್ಕೆ ಒಳಗೆ ಬೊಡ್ಡಜ್ಜ ಇದ್ದಾನೆ. ನೀನು ಎಲೆ ನೋಡು."

ನೋಡಿದೆ. ಅಜ್ಜಿಯೊಬ್ಬರು ಅನ್ನದ ನಡುವೆ ಗುಳಿ ಮಾಡಿ ಕಾಯುತ್ತಿದ್ದರು. ಸಾರು ಅವರನ್ನು ದಾಟಿ ಎರಡು ಸಲ ಮುಂದೆ ಹೋಗಿತ್ತು. ಕರೆದು ಕೇಳಲಿಕ್ಕೆ ಅವರಿಗೆ ನಾಚಿಕೆ, ನನಗಿಂತ ಜಾಸ್ತಿ! ಬಗ್ಗಿ ಬಡಿಸಿದೆ. ಆಮೇಲೆ ಯಾರ ಗುಳಿ ಬರಿದಾಗಿದೆ, ಯಾವ ಮಗುವಿಗೆ ಖಾರವಾಯಿತು ಅಂತ ನೋಡುವುದೇ ಕೆಲಸ. ಮೂರನೇ ಪಂಕ್ತಿಯ ಹೊತ್ತಿಗೆ ತೇಪೆ ಮರೆತೇಹೋಗಿತ್ತು.

ಈಗ ಬ್ಯಾಂಕಿನ ಸಭೆಗಳಲ್ಲಿ ನನ್ನ ಮಾತಿಗೆ ಕಾಯುವವರಿದ್ದಾರೆ. (ಹೆಂಡತಿ ಒಪ್ಪುವುದಿಲ್ಲ.) ಮೈಕ್ ಹಿಡಿಯುವ ಮೊದಲು ಬೊಡ್ಡಜ್ಜನನ್ನು ನೆನೆದು, ಎದುರು ಕೂತವರಲ್ಲಿ ಯಾರಿಗೆ ಸಾರು ಸಿಕ್ಕಿಲ್ಲ ಅಂತ ಹುಡುಕುತ್ತೇನೆ. ಇಂದಿನ ಮಕ್ಕಳಿಗೆ ಫೀಸು ಕಟ್ಟಿಸಿಕೊಂಡು ವ್ಯಕ್ತಿತ್ವ ವಿಕಸನ ಕಲಿಸುತ್ತಾರೆ. ಕನ್ನಡಿ ಮುಂದೆ ನಿಂತು ಮಾತಾಡು ಅಂತಾರೆ. ಕನ್ನಡಿಯಲ್ಲಿ ಕಾಣುವುದು ತನ್ನದೇ ಮುಖ ಅಲ್ವಾ?

33 ವರ್ಷ ಕಳೆದು, 2025ರಲ್ಲಿ ಮತ್ತೆ ಮೂಡಪ್ಪ ಸೇವೆ ಬಂತು. ರಜೆ ಹಾಕಿ ಹೋದೆ, ಸಾರಿನ ಬಕೆಟನ್ನೇ ಕೇಳಿ ತೆಗೆದುಕೊಂಡೆ. ಎರಡನೇ ಪಂಕ್ತಿಯ ಕೊನೆಯಲ್ಲಿ ಮಾಷ್ಟ್ರು ಕೂತಿದ್ದರು. ಕೈ ನಡುಗುತ್ತಿತ್ತು, ಆದರೂ ಅನ್ನದಲ್ಲಿ ಗುಳಿ ಸರಿಯಾಗಿಯೇ ಇತ್ತು. ಬಗ್ಗಿ ಬಡಿಸಿದೆ. ಅವರು ತಲೆ ಎತ್ತದೆಯೇ ಕೇಳಿದರು:

"ಕಂಬಿ ಸಿಕ್ಕಿತಾ ಮಾರಾಯ?"