28ಕ್ಕೇ ಬಿಪಿ ಬಂದರೆ ‘ಟೆನ್ಷನ್’ ಅಂತ ಬಿಡಬೇಡಿ

ಚಿಕ್ಕ ವಯಸ್ಸಿನವರಿಗೆ ಬಿಪಿ ಅಂದ ತಕ್ಷಣ ಎಲ್ಲರ ಬಾಯಲ್ಲೂ ಬರುವುದು ಒಂದೇ ಮಾತು, ಟೆನ್ಷನ್ ಜಾಸ್ತಿ ಆಗಿರಬೇಕು ಅಂತ. ನನ್ನ ತಮ್ಮನಿಗೂ ಇದನ್ನೇ ಹೇಳಿದರು. ಅವನಿಗಿನ್ನೂ 28. ದಪ್ಪ ಇಲ್ಲ, ಸಿಗರೇಟ್ ಸೇದುವುದಿಲ್ಲ. ಆಫೀಸಿನ ಹೆಲ್ತ್ ಕ್ಯಾಂಪಿನಲ್ಲಿ ಸುಮ್ನೆ ನೋಡಿಸಿಕೊಂಡಾಗ 160/100 ಇತ್ತು. ತಲೆನೋವಿಲ್ಲ, ತಲೆಸುತ್ತಿಲ್ಲ, ಏನೂ ಇಲ್ಲ. “ನೈಟ್ ಶಿಫ್ಟ್ ಬಿಟ್ಬಿಡೋ, ಎಲ್ಲಾ ಸರಿಹೋಗುತ್ತೆ” ಅಂದರು ಅಮ್ಮ. ಮೊದಲು ನೋಡಿದ ಡಾಕ್ಟರೂ ಹೆಚ್ಚುಕಮ್ಮಿ ಅದನ್ನೇ ಹೇಳಿ ಒಂದು ಮಾತ್ರೆ ಬರೆದುಕೊಟ್ಟು ಕಳಿಸಿದರು.

ಎರಡನೇ ಡಾಕ್ಟರು ಮಾತ್ರೆಗಿಂತ ಮೊದಲು ಪ್ರಶ್ನೆ ಕೇಳಿದರು. ಜಿಮ್ಮಿಗೆ ಹೋಗ್ತೀಯಾ, ಯಾವ ಪುಡಿ ಕುಡಿಯುತ್ತೀಯಾ? ಬೆನ್ನುನೋವಿಗೆ ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗುತ್ತೀಯಾ? ಮೂಗು ಕಟ್ಟಿದಾಗ ಏನು ತಗೋತೀಯಾ? ಗೊರಕೆ ಇದೆಯಾ, ಹಗಲು ತೂಕಡಿಕೆ ಬರುತ್ತಾ? ಕೆಮ್ಮಿಗೆ ಅಂತ ಜ್ಯೇಷ್ಠಮಧು ಕಷಾಯ ದಿನಾ ಕುಡಿಯುವುದುಂಟಾ? ಇವುಗಳಲ್ಲಿ ಯಾವುದಾದರೂ ಬಿಪಿ ಏರಲು ಕಾರಣವಾಗಿರಬಹುದು, ಇಲ್ಲವೇ ಕಾರಣದ ಸುಳಿವು ಕೊಡಬಹುದು. ಹೆಣ್ಣುಮಕ್ಕಳಾದರೆ ಗರ್ಭನಿರೋಧಕ ಮಾತ್ರೆಯ ಬಗ್ಗೆಯೂ ಕೇಳಬೇಕಂತೆ. ಆಮೇಲೆ ಎರಡೂ ಕೈಯಲ್ಲಿ ಬಿಪಿ ನೋಡಿ, ತೊಡೆಸಂದಿಯಲ್ಲಿ ನಾಡಿ ಹಿಡಿದು ನೋಡಿದರು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಕೆಲವರಿಗೆ ಹುಟ್ಟಿನಿಂದಲೇ ಒಂದು ಕಡೆ ಕಿರಿದಾಗಿರುತ್ತದೆ, ಅಂಥವರಿಗೆ ಅಲ್ಲಿ ನಾಡಿ ಸಣ್ಣಗೆ ಸಿಗುತ್ತದೆ. ಕೊನೆಗೆ ಮೂತ್ರ ಪರೀಕ್ಷೆ, ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸುವುದು) ಮತ್ತು ಪೊಟ್ಯಾಸಿಯಂ, ಇಸಿಜಿ. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿತ್ತು. ತೊಂದರೆ ಇದ್ದದ್ದು ಕಿಡ್ನಿಯಲ್ಲಿ.

ಬಿಪಿಯಿಂದ ಕಿಡ್ನಿ ಕೆಡುತ್ತದೆ ಅಂತ ಎಲ್ಲರಿಗೂ ಗೊತ್ತು. ಕಿಡ್ನಿ ಕೆಟ್ಟರೂ ಬಿಪಿ ಏರುತ್ತದೆ ಅನ್ನುವುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಈಗ ಅವನು ತೆಗೆದುಕೊಳ್ಳುತ್ತಿರುವ ಮಾತ್ರೆ ಬಿಪಿ ಇಳಿಸುವುದರ ಜೊತೆಗೆ ಕಿಡ್ನಿಯನ್ನೂ ಕಾಯುತ್ತದೆ. ಚಿಕ್ಕ ವಯಸ್ಸಿನ ಎಲ್ಲರಿಗೂ ಹೀಗೆ ಕಾರಣ ಸಿಗುವುದಿಲ್ಲ, ನಿಜ. ಹೆಚ್ಚಿನವರಿಗೆ ಮನೆತನ, ತೂಕ, ಉಪ್ಪು, ನಿದ್ದೆಗೇಡು ಎಲ್ಲ ಸೇರಿಯೇ ಬಂದಿರುತ್ತದೆ. ಆದರೆ 40ರೊಳಗೆ ಬಿಪಿ ಬಂದರೆ ಯಾಕೆ ಅಂತ ಒಂದು ಸಲ ಹುಡುಕಲೇಬೇಕು. ಡಾಕ್ಟರು ಕೇಳದಿದ್ದರೆ ನೀವೇ ಕೇಳಿ.

ಹಾಗಂತ ಒಂದು ಸಲ ಜಾಸ್ತಿ ಬಂದರೆ ಬಿಪಿ ಇದೆ ಅಂತಲೂ ಅಲ್ಲ. ಮೆಟ್ಟಿಲು ಹತ್ತಿ ಬಂದು, ಕಾಫಿ ಕುಡಿದು, ಮೂತ್ರ ತಡೆದುಕೊಂಡು, ಮಾತಾಡುತ್ತಾ ಕೈ ಚಾಚಿದರೆ ಯಾರಿಗಾದರೂ ಏರಿರುತ್ತದೆ. 5 ನಿಮಿಷ ಬೆನ್ನು ಒರಗಿಸಿ ಸುಮ್ಮನೆ ಕೂರಬೇಕು, ಕೈ ಎದೆಯ ಮಟ್ಟಕ್ಕಿರಬೇಕು. ತೋಳು ದಪ್ಪ ಇದ್ದವರಿಗೆ ಚಿಕ್ಕ ಪಟ್ಟಿ ಸುತ್ತಿದರೆ ಸುಳ್ಳೇ ಜಾಸ್ತಿ ತೋರಿಸುತ್ತದೆ. ಬೇರೆ ಬೇರೆ ದಿನ ನೋಡಿದರೂ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಮನೆಯ ಮೆಷಿನ್ನಿನಲ್ಲಿ 135/85 ದಾಟುತ್ತಿದ್ದರೆ, ಆಗ ಅದು ಬಿಪಿಯೇ.

2021ರ ಅಕ್ಟೋಬರಿನಲ್ಲಿ ಪುನೀತ್ ರಾಜ್‌ಕುಮಾರ್ 46ಕ್ಕೇ ಹೋದಾಗ ಜಯದೇವ ಆಸ್ಪತ್ರೆಗೆ ಜನ ಹೇಗೆ ನುಗ್ಗಿದರು ನೆನಪಿದೆ ಅಲ್ವಾ? 2025ರಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಬಂದಾಗಲೂ ಅದೇ. ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ಭಯ ಇಳಿದ ಮೇಲೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲವೇ ನಿಮಿಷದಲ್ಲಿ ಮುಗಿಯುವ ಬಿಪಿ ಪರೀಕ್ಷೆಗೆ ಯಾರೂ ಹೋಗುವುದಿಲ್ಲ. ಸರ್ಕಾರದ ಮನೆಮನೆ ತಪಾಸಣೆ ಶುರುವಾಗುವುದೇ 30ರಿಂದ. ಇಪ್ಪತ್ತರ ಹರೆಯದವರನ್ನು ಹಾಗೆ ಹುಡುಕಿಕೊಂಡು ಯಾರೂ ಬರುವುದಿಲ್ಲ, ಅವರೇ ಹೋಗಿ ನೋಡಿಸಿಕೊಳ್ಳಬೇಕು.

ಇನ್ನು ಉಪ್ಪು. ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ ಇರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸಾರಿಗೆ ಹಾಕುವುದನ್ನಷ್ಟೇ ಲೆಕ್ಕ ಹಾಕಿದರೆ ಸಾಲದು, ಉಪ್ಪಿನಕಾಯಿ, ಹಪ್ಪಳ, ಬೇಕರಿಯ ಖಾರಾ ಬನ್ನು ಎಲ್ಲವೂ ಸೇರಬೇಕು.

ನನಗೆ ತುಂಬಾ ಬೇಜಾರಾಗುವುದು ಮುಚ್ಚಿಡುವ ವಿಷಯದಲ್ಲಿ. ಮಾತ್ರೆ ಶುರು ಮಾಡಿದರೆ ಸಾಯೋವರೆಗೂ ಬಿಡೋ ಹಾಗಿಲ್ಲ, ಮದುವೆ ಆಗೋವರೆಗೂ ತಡಿ ಅನ್ನುವ ಮನೆಗಳಿವೆ. ಮದುವೆಯಾದ ಮೇಲೆ ಅತ್ತೆ ಮನೆಯಲ್ಲಿ ಕದ್ದು ಮಾತ್ರೆ ನುಂಗುವ ಹುಡುಗಿಯರಿದ್ದಾರೆ. ಬಿಪಿಯ ಕೆಲವು ಮಾತ್ರೆಗಳು ಗರ್ಭಿಣಿಯರಿಗೆ ಆಗುವುದೇ ಇಲ್ಲ, ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ. ಮಗು ಬೇಕು ಅಂದುಕೊಂಡಾಗಲೇ ಡಾಕ್ಟರಿಗೆ ಹೇಳಿ ಬೇರೆ ಮಾತ್ರೆಗೆ ಬದಲಾಯಿಸಿಕೊಳ್ಳಬೇಕು. ಗಂಡನಿಗೇ ಗೊತ್ತಿಲ್ಲದಿದ್ದರೆ ಆ ಹುಡುಗಿ ಯಾರ ಜೊತೆ ಆಸ್ಪತ್ರೆಗೆ ಹೋಗಬೇಕು ಹೇಳಿ?