ಭಾನುವಾರದ ಕೋಳಿ ಅಂಗಡಿ

ಇಂದು ಬೆಳಗ್ಗೆ ಮತ್ತಿಕೆರೆಯ ಕೋಳಿ ಅಂಗಡಿಯ ಮುಂದೆ ಅರ್ಧ ಗಂಟೆ ನಿಂತಿದ್ದೆ. ಒಂದೇ ಮರದ ಕೊರಡು, ಒಂದೇ ಕತ್ತಿ, ಎಲ್ಲರ ಕೋಳಿಗೂ ಒಂದೇ ಬಕೆಟ್ ನೀರು. ಪುಕ್ಕ ಕೀಳುವ ಯಂತ್ರದ ರಬ್ಬರ್ ಬೆರಳುಗಳು ಒಂದಾದ ಮೇಲೊಂದು ಕೋಳಿಯನ್ನು ಸವರುತ್ತಲೇ ಇದ್ದವು. ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾಗಳು ಎಷ್ಟೋ ವೇಳೆ ಕೋಳಿಯ ಕರುಳಿನಲ್ಲಿ ಅದಕ್ಕೆ ಯಾವ ಕಾಯಿಲೆಯನ್ನೂ ತರದೆ ಇರುತ್ತವೆ. ಕೊಯ್ದು ಶುಚಿ ಮಾಡುವಾಗ ಮಾಂಸಕ್ಕೆ ಅಂಟುತ್ತವೆ. ಅಂಟಿದ್ದು ವಾಸನೆಯಿಂದಲೂ ಬಣ್ಣದಿಂದಲೂ ತಿಳಿಯುವುದಿಲ್ಲ. ಕಣ್ಣೆದುರೇ ಕೊಯ್ಯಿಸಿ ತಂದೆವೆಂಬ ನಮ್ಮ ಸಮಾಧಾನ ತಾಜಾತನದ್ದು ಮಾತ್ರ, ಶುಚಿಯದ್ದಲ್ಲ.

ಅಂಗಡಿಯ ಹುಡುಗನನ್ನು ದೂರಲು ಮನಸ್ಸು ಬರಲಿಲ್ಲ. ನಲ್ಲಿಯೇ ಇಲ್ಲದ ಮಳಿಗೆಯಲ್ಲಿ ಅವನು ಕೈ ತೊಳೆಯುವುದಾದರೂ ಎಲ್ಲಿ? ಇಂಥ ಕಡೆ ಮಾಂಸ ಮಾರಲು ಬಿಟ್ಟವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ.

ಮನೆಗೆ ಬಂದರೆ ಅಮ್ಮ ಎಂದಿನಂತೆ ಅರಿಸಿನ ಹಚ್ಚಿ ನಲ್ಲಿಯ ಕೆಳಗೆ ಹಿಡಿಯಲು ಹೊರಟರು. “ಬೇಡಮ್ಮ, ಸಿಡಿಯುವ ಹನಿಯ ಜೊತೆ ರೋಗಾಣು ಪಕ್ಕದ ಕೊತ್ತಂಬರಿ ಸೊಪ್ಪಿಗೂ ಹಾರುತ್ತದೆ” ಎಂದೆ. ತೊಳೆದರೆ ಅವು ಹೋಗುವುದಿಲ್ಲ, ಬೆಂದರೆ ಸಾಯುತ್ತವೆ; ತುಂಡಿನ ಒಳಭಾಗವೂ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಕೊತಕೊತ ಕುದಿದು ಚೆನ್ನಾಗಿ ಬೆಂದ ನಮ್ಮ ಸಾರಿನ ಬಗ್ಗೆ ಭಯವಿಲ್ಲ. ನನ್ನ ಭಯವೆಲ್ಲ ಹಸಿಯಾಗಿಯೇ ತಿನ್ನುವ ಕೋಸಂಬರಿಯದು.

“ತೊಳೆಯದೆ ಒಲೆಗೆ ಹಾಕಲು ಕೈ ಬರುವುದಿಲ್ಲ ಕಣೋ” ಎಂದರು ಅಮ್ಮ. ಕೊನೆಗೆ ಪಾತ್ರೆಯಲ್ಲಿ ನೀರು ತುಂಬಿ, ಒಂದು ಹನಿಯೂ ಸಿಡಿಯದಂತೆ ಮೆಲ್ಲಗೆ ಅದ್ದಿ ತೆಗೆದರು. ನಾನು ಸಿಂಕನ್ನು ಸೋಪು ಹಾಕಿ ಉಜ್ಜಿ, ಸೌತೆಕಾಯಿ ಹೆಚ್ಚಲು ಬೇರೆ ಚಾಕು ಹುಡುಕಿದೆ.